ಎಬ್ಬಿಸುವವನ ನಿದ್ದೆ

"ನಿದ್ದಿ ಆತೇನ್ರಿ?" ಎಂದು ಜರೀನಾ ಕೇಳಿದಾಗ ಬಾಬಾಸಾಬನ ಬಾಯಿ ತುಂಬ ಪೇಸ್ಟಿನ ನೊರೆಯಿತ್ತು, ಬಚಾವಾದ. ಸುಮ್ಮನೆ ತಲೆಯಾಡಿಸಿದ. ತಲೆಯಾಡಿಸಿದ್ದು ಸುಳ್ಳಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಬಚ್ಚಲ ಕಲ್ಲಿನ ಮೇಲೆ ನಿಂತೇ ಯೋಚಿಸಿದ. ನಿನ್ನೆಯೂ ಹೀಗೇ ಕೇಳಿದ್ದಳು, ಮೊನ್ನೆಯೂ ಕೇಳಿದ್ದಳು. ಆಗ ಬಾಯಲ್ಲಿ ನೊರೆಯಿರಲಿಲ್ಲ, "ಹ್ಞೂಂ, ಛಲೋ ಆತು" ಅಂದುಬಿಟ್ಟಿದ್ದ. ನಿಜ ಏನೆಂದರೆ ಮೊನ್ನೆಯಿಂದ ಅವನಿಗೆ ಕೋಳಿ ಕೂಗುವುದಕ್ಕೆ ಎಷ್ಟೋ ಮೊದಲೇ ಫಕ್ಕನೆ ಎಚ್ಚರಾಗುತ್ತಿತ್ತು. ಹಾಗೆ ಎಚ್ಚರಾದ ಮನುಷ್ಯನಿಗೆ ಕಣ್ಣು ಉರಿಯಬೇಕು, ಮೈ ಭಾರವಾಗಿರಬೇಕು. ಅದೇನೂ ಇಲ್ಲ. ಯಾರೋ ತಲೆಯೊಳಗೆ ಕಸ ಹೊಡೆದು ನೀರು ಚಿಮುಕಿಸಿ ಹೋದಂತೆ ಎಲ್ಲ ಸ್ವಚ್ಛ. ಪಕ್ಕದ ಹಟ್ಟಿಯ ಎಮ್ಮೆ ಮೆಲುಕು ಹಾಕುವುದು ಕೇಳಿಸುತ್ತಿತ್ತು, ಕತ್ತಲಲ್ಲಿ ಬಾಗಿಲ ಚೌಕಟ್ಟು ಕೂಡ ಚೆಂದ ಕಾಣುತ್ತಿತ್ತು, ಎದ್ದು ಹೋಗಿ ಏನಾದರೂ ಮಾಡಬೇಕು, ಏನಾದರೂ ದೊಡ್ಡದು ಮಾಡಬೇಕು ಅನ್ನಿಸಿ ಕಾಲಿನ ಬೆರಳುಗಳು ತಾವಾಗಿಯೇ ಆಡುತ್ತಿದ್ದವು. ಖುಷಿಯಾಗುತ್ತಿತ್ತು. ಆ ಖುಷಿಗೇ ಅವನ ಎದೆ ಝಲ್ಲೆನ್ನುತ್ತಿತ್ತು. ಖುಷಿಗೆ ಹೆದರುವ ಇನ್ನೊಬ್ಬ ಗಂಡಸನ್ನು ಈ ಹುಲಿಹೈದರದಲ್ಲಿ ಹುಡುಕಿ ತೋರಿಸಿ ನೋಡೋಣ!

ಕೊಪ್ಪಳದ ಡಾಕ್ಟರಮ್ಮ ಇದನ್ನೇ ಹೇಳಿದ್ದಳು. "ನೋಡ್ರಿ ಬಾಬಾಸಾಬ, ಇದು ಹುಚ್ಚಲ್ಲ. ಮನಸ್ಸು ಏರೂದು ಇಳಿಯೂದು ಎಲ್ಲರಿಗೂ ಐತಿ, ನಿಮ್ಮದು ಸ್ವಲ್ಪ ಹೆಚ್ಚು. ಬೈಪೋಲಾರ್ ಅಂತ ಕರೀತಾರ. ನಿಮ್ಮದು ಅದರಾಗ ಸೌಮ್ಯ ನಮೂನಿದು. ಏರು ಸಣ್ಣದಿರತೈತಿ, ಅದಕ್ಕ ಮಂದಿಗೆ ಗೊತ್ತಾಗಂಗಿಲ್ಲ, ನಿಮಗೂ ಗೊತ್ತಾಗಂಗಿಲ್ಲ. ಮಂದಿ ಮೆಚ್ಚಿಕೊಂತಾರ ಬ್ಯಾರೆ. ಇಳಿದಾಗ ಮಾತ್ರ ಒಬ್ಬರೂ ಬಾಜೂಕ ಇರಂಗಿಲ್ಲ." ಮೊದಲ ಗುಳಿಗೆ ಅಂದರೆ ನಿದ್ದೆ ಎಂದಿದ್ದಳು. ನಿದ್ದೆ ಕಡಿಮೆಯಾಗಿ, ಆದರೂ ದಣಿವಿಲ್ಲ ಅನ್ನಿಸಿದರೆ ಅವತ್ತೇ ಬಸ್ಸು ಹತ್ತಿ ಬರಬೇಕು, ಕಾಯಬಾರದು. ರಂಜಾನ್ ಬರುತ್ತದಲ್ಲ ಎಂದು ಜರೀನಾ ಕೇಳಿದ್ದಕ್ಕೆ, ರೋಜಾ ಉಪವಾಸಕ್ಕೆ ತಕ್ಕಂತೆ ಗುಳಿಗೆಯ ಹೊತ್ತು ಬದಲಿಸಿಕೊಡುತ್ತೇನೆ, ಆದರೆ ನಡುರಾತ್ರಿ ಎದ್ದು ಓಣಿ ತಿರುಗುವುದು ಮಾತ್ರ ಬೇಡವೇ ಬೇಡ ಎಂದಿದ್ದಳು. ಆ ಅಮ್ಮನಿಗೇನು ಗೊತ್ತು! ಅವನ ಮನೆತನದ ಕೆಲಸವೇ ಅದು. ಅಪ್ಪ ಅಮೀನಸಾಬ, ಅವನಪ್ಪ, ಎಲ್ಲರೂ ರಂಜಾನ್ ತಿಂಗಳೆಲ್ಲ ಬೆಳಗಿನ ಜಾವ ದಫ ಬಾರಿಸಿಕೊಂಡು ಓಣಿ ಓಣಿ ತಿರುಗಿ, ಉಪವಾಸಕ್ಕೆ ಮುಂಚಿನ ಸಹರಿ ಊಟಕ್ಕೆ ಜನರನ್ನು ಎಬ್ಬಿಸಿದವರು. ಅವರ ಮನೆಯನ್ನು ಇವತ್ತಿಗೂ ಎಬ್ಬಿಸುವವರ ಮನೆ ಎಂದೇ ಕರೆಯುತ್ತಾರೆ.

ಅಂಗಳದಲ್ಲಿ ತಾಯಿ ಸರ್ದಾರಬೀ ಆಗಲೇ ದಫವನ್ನು ಕೆಂಡದ ಮೇಲೆ ಹಿಡಿದು ಕಾಯಿಸುತ್ತ ಕೂತಿದ್ದಳು. ವರ್ಷವಿಡೀ ಗೋಡೆಯ ಮೇಲೆ ಸಡಿಲಾಗಿ ತೂಗಿದ ಚರ್ಮ ಬಿಸಿಗೆ ಬಿಗಿಯುತ್ತದೆ. "ಜಿಲಾನಸಾಬ ಹೇಳಿ ಕಳಿಸ್ಯಾನ" ಅಂದಳು, "ಸಂಜಿಕ್ ಚಾಂದ್ ಕಂಡ ಕೂಡ್ಲೇ ಮಸೂತಿ ಕಟ್ಟಿಗೆ ಬರಬೇಕಂತ." ದಫ ಇವರದೇ ಆದರೂ ಮೊದಲ ಸಂಜೆ ಅದನ್ನು ಜಮಾತಿನ ಹಿರಿಯ ಜಿಲಾನಸಾಬನ ಕೈಗೆ ಕೊಟ್ಟು, ಎಲ್ಲರೆದುರು ಮತ್ತೆ ಅವನ ಕೈಯಿಂದಲೇ ಇಸಿದುಕೊಳ್ಳಬೇಕು, ಅದು ರಿವಾಜು. ಇಸಿದುಕೊಂಡ ಮೇಲೆ ತಿಂಗಳು ಮುಗಿಯುವ ತನಕ ಬಿಡುವಂತಿಲ್ಲ. ಸರ್ದಾರಬೀ ಬೆರಳಿನಿಂದ ಒಮ್ಮೆ ಮೀಟಿ ನೋಡಿದಳು. ಧಣ್ ಎಂದಿತು. ಬಾಬಾಸಾಬನ ಬೆನ್ನಹುರಿಯಲ್ಲಿ ಏನೋ ಎದ್ದು ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಜರೀನಾ ಅವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೀಗ ಮೂರು ತಿಂಗಳು ನಡೆಯುತ್ತಿತ್ತು, ಅದು ಅವನೊಬ್ಬನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಅತ್ತೆಗೂ ಹೇಳಿರಲಿಲ್ಲ. ಯಾಕೆ ಹೇಳಿಲ್ಲ ಎಂದು ಅವನು ಕೇಳಿರಲೂ ಇಲ್ಲ. ಯಾವ ಬಾಯಿಂದ ಕೇಳಬೇಕು?

ಟಂಟಂ ಆಟೋ ಹೊರತೆಗೆದಾಗ ನಾಟಿಗೆ ಹೋಗುವ ಹೆಂಗಸರು ಆಗಲೇ ದಾರಿಗೆ ಬಂದು ನಿಂತಿದ್ದರು. ಗಂಗಾವತಿ ಕಡೆ ಎರಡನೆಯ ಬೆಳೆಯ ನಾಟಿ ಇನ್ನೂ ಮುಗಿದಿರಲಿಲ್ಲ. ಕನಕಗಿರಿಯವರೆಗೆ ಇವನು ಬಿಟ್ಟರೆ ಅಲ್ಲಿಂದ ಮುಂದೆ ಗದ್ದೆಯವರ ಗಾಡಿ ಬರುತ್ತಿತ್ತು. ಮುದುಕಮ್ಮ ಎಂದಿನಂತೆ ಮುಂದಿನ ಸೀಟಿನ ಅಂಚಿಗೆ ಕುಂಡೆ ಊರಿ, ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಬಾಯಿ ಬಿಚ್ಚಿದಳು. "ನಾಳಿಯಿಂದ ಆರಾಮ ಬಿಡ್ರೆವಾ. ಬಾಬಾ ಬಂದು ಎಬ್ಬಸ್ತಾನ, ರೊಟ್ಟಿ ಬಡದು ಗಾಡಿ ಹತ್ತೂದ. ಹ್ವಾದ ವರ್ಸ ಹೆಂಗ ಹಾಡಿದ್ದಿ ತಮ್ಮಾ! ನನ್ನ ಹೆಸರೂ ಸೇರಿಸಿದ್ದಿ. ಮುದುಕಮ್ಮ ಏಳು, ನಿನ್ನ ಗಂಡನ ಗೊರಕಿಗೆ ನನ್ನ ದಫ ಕೇಳವಲ್ದು ಅಂತ! ಯಪ್ಪಾ, ನಾ ಹಾಸಿಗ್ಯಾಗ ಉಳ್ಳಾಡಿ ನಕ್ಕೀನಿ." ಹಿಂದಿನ ಹೆಂಗಸರೂ ನಕ್ಕರು. ಅವನೂ ನಕ್ಕ. ನಗು ಹೊರಬಿದ್ದ ಮೇಲೆ ಅದು ಎಷ್ಟು ಜೋರಿತ್ತು, ಇದ್ದದ್ದಕ್ಕಿಂತ ಒಂದು ಚೂರು ಹೆಚ್ಚೇ ಉದ್ದವಾಯಿತೇ ಎಂದು ತೂಗಿ ನೋಡತೊಡಗಿದ. ಹೊತ್ತು ಮೂಡುತ್ತಿತ್ತು. ಜಾಲಿಯ ಕಂಟಿಗಳು, ಗುಂಡುಗಲ್ಲಿನ ಗುಡ್ಡ, ಜೋಳ ಕೊಯ್ದ ಹೊಲದ ಕೂಳೆ, ಎಲ್ಲ ಮಿಂಚುತ್ತಿದ್ದವು. ನಿನ್ನೆ ಇಷ್ಟು ಮಿಂಚಿದ್ದವೋ? ಹೊತ್ತು ಮೂಡುವಾಗ ಎಲ್ಲರಿಗೂ ಮಿಂಚಿಯೇ ಕಾಣುತ್ತವೋ, ತನಗೊಬ್ಬನಿಗೋ? ಮುದುಕಮ್ಮನನ್ನು ಕೇಳಬಹುದಿತ್ತು. ಕೇಳಿದರೆ ಆಕೆ ಅದನ್ನೂ ಚಾಷ್ಟಿ ಅಂದುಕೊಂಡು ನಗುತ್ತಿದ್ದಳು.

"ಮತ್ತ ನಿನ್ನ ಹೇಣ್ತಿ ಸುದ್ದಿ! ಅದನ್ನೂ ಹಾಡಿಬಿಟ್ಟಿದ್ದಿಯಲ್ಲೋ" ಎಂದು ಹಿಂದಿನಿಂದ ಯಾರೋ ಅಂದರು. ಮುದುಕಮ್ಮ ಹೊರಳಿ ಆಕೆಯ ತೊಡೆಗೆ ಚಿವುಟಿದ್ದು ಕನ್ನಡಿಯಲ್ಲಿ ಕಂಡಿತು. ಕನಕಗಿರಿ ಬರುವ ತನಕ ಇಂಜಿನ್ನಿನ ಸದ್ದೊಂದೇ.

ಹೋದ ರಂಜಾನ್. ದೇವರೇ, ಏನು ಕಂಠ ಇತ್ತು ಅವನಿಗೆ! ಮೊದಲ ವಾರ ಅಪ್ಪನ ಹಾಡನ್ನೇ ಹಾಡಿದ, ಏಳಿರಿ ರೋಜೆದಾರರೇ, ಒಲೆ ಹಚ್ಚಿರಿ ತಾಯಂದಿರೇ ಎಂದು. ದಿನದಿನವೂ ನಿದ್ದೆ ಮುರಿದಂತೆಲ್ಲ ಅವನ ತಲೆಯೊಳಗೆ ಒಂದೊಂದೇ ದೀಪ ಹತ್ತಿತು. ಆಮೇಲೆ ಹಾಡು ತಾನಾಗಿಯೇ ಬರತೊಡಗಿತು. ಒಂದೊಂದು ಮನೆಯ ಮುಂದೆ ನಿಂತು ಆ ಮನೆಯವರ ಹೆಸರು, ಅವರ ಗುಟ್ಟು, ಅವರ ಜಗಳ ಸೇರಿಸಿ ಸಾಲು ಕಟ್ಟುತ್ತಿದ್ದ. ಜನ ಎಚ್ಚರಾದರೂ ಏಳದೆ, ತಮ್ಮ ಬಾಗಿಲಿಗೆ ಏನು ಹಾಡುತ್ತಾನೋ ಎಂದು ಕಾದು ಮಲಗಿರುತ್ತಿದ್ದರಂತೆ. ಹಗಲೆಲ್ಲ ಟಂಟಂ ಓಡಿಸಿ, ಸಂಜೆ ಮಸೂತಿಯಲ್ಲಿ ಎಲ್ಲರಿಗೂ ಗಂಜಿ ಬಡಿಸಿ, ಮಲಗಿದರೆ ಮಲಗಿದ ಇಲ್ಲದಿದ್ದರೆ ಇಲ್ಲ, ದಣಿವೆಂಬುದು ಹತ್ತಿರ ಸುಳಿಯಲಿಲ್ಲ. ಜಿಲಾನಸಾಬ ಬೆನ್ನು ತಟ್ಟಿ, "ನಿಮ್ಮಪ್ಪನ್ನ ಮೀರಿಸಿದ್ಯೋ" ಅಂದಿದ್ದ. ಆ ದಿನಗಳಲ್ಲೇ ಒಂದು ಸಂಜೆ ಜರೀನಾ ನೀರಿನ ಕೊಡ ಇಳಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ತಾನು ಬಸುರಿ, ಯಾರ ಮುಂದೂ ಅನ್ನಬೇಡಿ, ಇನ್ನೂ ಮೂರು ತಿಂಗಳು ತುಂಬಿಲ್ಲ, ಕೆಟ್ಟ ನಜರ್ ತಾಗುತ್ತದೆ ಎಂದು ಹೇಳಿಯೇ ಹೇಳಿದ್ದಳು. ಮದುವೆಯಾಗಿ ಆರು ವರ್ಷಕ್ಕೆ. ಮರುದಿನ ಬೆಳಗಿನ ಜಾವ ಅವನು ತನ್ನದೇ ಬಾಗಿಲ ಮುಂದೆ ನಿಂತು, ಮಸೂತಿಯವರು ಕೊಟ್ಟ ಕೈಮೈಕಿನಲ್ಲಿ, ಅಮ್ಮಾ ಸರ್ದಾರಬೀ ಏಳು, ಸೊಸಿಗೆ ಎರಡು ಪಾಲು ಹಾಕು, ಒಂದು ಆಕಿಗೆ, ಒಂದು ಒಳಗಿರುವ ರಾಜಾಗೆ ಎಂದು ಹಾಡಿದ. ಓಣಿ ಹೋ ಎಂದು ನಕ್ಕಿತು. ಬಾಗಿಲು ತೆರೆಯಲಿಲ್ಲ. ಬಾಗಿಲು ತೆರೆಯಲಿಲ್ಲ ಎಂಬುದು ಅವತ್ತು ಅವನ ಗಮನಕ್ಕೇ ಬರಲಿಲ್ಲ. ಈದ್ ಆದ ಮೇಲೆ ಕೂಸು ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅವನೂ ಇಳಿದಿದ್ದ. ಗೋಡೆಗೆ ಮುಖ ಮಾಡಿ ಮಲಗಿದವನು ಮೊಹರಂ ಮುಗಿದರೂ ಏಳಲಿಲ್ಲ, ಹೊರಗೆ ಟಂಟಂ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿತು. ಮನೆಯಲ್ಲಿ ರಕ್ತದ ಬಟ್ಟೆ ಒಗೆದವಳೂ ಜರೀನಾ, ಅವನ ಬಾಯಿಗೆ ಗಂಜಿ ಹಿಡಿದವಳೂ ಜರೀನಾ, ಕಡೆಗೆ ಕೊಪ್ಪಳದ ಬಸ್ಸು ಹತ್ತಿಸಿದವಳೂ ಅವಳೇ. ಊರಲ್ಲಿ ಕೇಳಿದವರಿಗೆ ಗ್ಯಾಸ್ಟ್ರಿಕ್ ಎಂದು ಹೇಳಿದರು. ಹುಲಿಹೈದರದಲ್ಲಿ ಗ್ಯಾಸ್ಟ್ರಿಕ್ ಅಂದರೆ ಯಾರೂ ಮುಂದೆ ಕೇಳುವುದಿಲ್ಲ, ಎಲ್ಲರ ಎಲ್ಲ ಬೇನೆಗೂ ಅದೇ ಹೆಸರು.

ಕನಕಗಿರಿಯ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಬೇಕೆಂದೇ ಸುಮ್ಮನೆ ಕೂತ. ಸುಮ್ಮನೆ ಕೂಡ್ರಲು ಬರುತ್ತದೋ ಇಲ್ಲವೋ ನೋಡೋಣ. ಒಂದು ಹಾಡಿನ ಸಾಲು ಬಂತು. ತಳ್ಳಿದ. ಜಿಲಾನಸಾಬನ ಮನೆಗೆ ಕಟ್ಟಬಹುದಾದ ಸಾಲು, ಭಾಳ ಛಲೋ ಸಾಲು, ಪ್ರಾಸ ತಾನಾಗಿಯೇ ಕೂತಿತ್ತು. ಮತ್ತೊಂದು ಬಂತು. ಕಪ್ಪು ಕೆಳಗಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡ. ಇದು ಬರೀ ಹಬ್ಬದ ಹುರುಪಿರಬಹುದಲ್ಲ? ಎಲ್ಲರಿಗೂ ಇವತ್ತು ಹುರುಪು; ಅಂಗಡಿಯ ಮುಂದೆ ಖರ್ಜೂರದ ಪೊಟ್ಟಣ ಜೋಡಿಸುತ್ತಿರುವವನಿಗೂ ಹುರುಪು, ಅವನೇನು ಕೊಪ್ಪಳಕ್ಕೆ ಓಡುತ್ತಾನೇನು? ಎಲ್ಲರ ಖುಷಿ ಖುಷಿ, ನನ್ನದು ಮಾತ್ರ ರೋಗದ ಗುರುತು. ಸಿಟ್ಟು ಬಂತು. ಸಿಟ್ಟು ಬಂದದ್ದೂ ಗುರುತೇ ಎಂದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಚಹಾದವನಿಗೆ ಕಪ್ಪು ಹಿಂದೆ ಕೊಡುವಾಗ ಬೇಡವೆಂದುಕೊಂಡರೂ ಒಂದು ಚಾಷ್ಟಿಯ ಮಾತು ಬಾಯಿಂದ ಹಾರಿತು, ಚಹಾದವನು ಬಿದ್ದುಬಿದ್ದು ನಕ್ಕ. ಆ ನಗು ಎಷ್ಟು ಹಿತವಾಗಿತ್ತೆಂದರೆ ಬಾಬಾಸಾಬನಿಗೆ ಅಳು ಬರುವಂತಾಯಿತು.

ಮಧ್ಯಾಹ್ನ ಸಾಲಿ ಬಿಟ್ಟ ಮೇಲೆ ಜಿಲಾನಸಾಬನ ಮೊಮ್ಮಕ್ಕಳನ್ನೂ ಅವರ ಜೊತೆಗಿನ ಹುಡುಗರನ್ನೂ ಕೂಡ್ರಿಸಿಕೊಂಡು ಊರಿಗೆ ಹೊರಟ. ಹುಡುಗರು ಹಾಡು ಹಾಡು ಎಂದು ಗಂಟುಬಿದ್ದರು. ಹಾಡಲಿಲ್ಲ. ಇಳಿಜಾರಿನಲ್ಲಿ ಗಾಡಿ ತಾನಾಗಿಯೇ ಓಡಿತು, ಗಾಳಿ ಮುಖಕ್ಕೆ ಬಡಿಯಿತು, ಹಿಂದಿನಿಂದ ಮಕ್ಕಳು ಇನ್ನೂ ಜೋರು ಇನ್ನೂ ಜೋರು ಎಂದು ಕೂಗಿದರು, ಅವನ ಕೈ ಒಂದು ಗಳಿಗೆ ಅವರ ಮಾತು ಕೇಳಿತು. ಎದುರಿಗೆ ಎತ್ತಿನ ಬಂಡಿಯೊಂದು ಅಡ್ಡ ಬಂತು. ಬ್ರೇಕು ಒತ್ತಿದ. ಏನೂ ಆಗಲಿಲ್ಲ, ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕಿಲಕಿಲ ನಕ್ಕರು, ಬಂಡಿಯವ ಬೈದು ಮುಂದೆ ಹೋದ. ಬಾಬಾಸಾಬ ಗಾಡಿಯನ್ನು ಬದಿಗೆ ನಿಲ್ಲಿಸಿ ಹ್ಯಾಂಡಲ್ಲಿಗೆ ಹಣೆ ಹಚ್ಚಿ ಕೂತ. ಇನ್ನು ಹಬ್ಬದ ಹುರುಪು ಗಿಬ್ಬದ ಹುರುಪು ಎಂದು ತನಗೆ ತಾನೇ ಟೊಪ್ಪಿಗೆ ಹಾಕಿಕೊಳ್ಳುವುದು ಸಾಕು ಅನ್ನಿಸಿತು.

ಸಂಜೆ ಮಸೂತಿಯ ಮಾಳಿಗೆಯ ಮೇಲಿಂದ ಯಾರೋ "ದಿಖ್ಯಾ, ದಿಖ್ಯಾ" ಎಂದು ಕೂಗಿದರು. ಪಡುವಣ ಗುಡ್ಡದ ಮೇಲೆ ಉಗುರಿನಷ್ಟು ಚಂದ್ರ. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು, ನಮಾಜು ಮುಗಿಸಿ ಕಟ್ಟೆಯ ಸುತ್ತ ನೆರೆದರು. ಬಾಬಾಸಾಬ ದಫವನ್ನು ಅರಿವೆಯಲ್ಲಿ ಸುತ್ತಿಯೇ ತಂದಿದ್ದ. ತನ್ನ ಬೆರಳು ಅದಕ್ಕೆ ತಾಗಬಾರದು. ಹಿರಿಯ ಜಿಲಾನಸಾಬ ಅದನ್ನು ಇಸಿದುಕೊಂಡು, ಅರಿವೆ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಬಾರೋ ಬಾಬಾ. ಈ ಸಲಾನೂ ಹಂಗ ಆಗಬೇಕ ನೋಡು. ಮೊಬೈಲಿನ ಅಲಾರಾಮು ಎಲ್ಲರ ಕಡೆ ಐತಿ, ಆದರ ಅದಕ್ಕ ನಮ್ಮ ಹೆಸರು ಗೊತ್ತಿಲ್ಲ. ನಿನಗ ಗೊತ್ತೈತಿ."

ಜನ ಹೌದೌದು ಎಂದರು. ದಫದ ಚರ್ಮ ಸಂಜೆಯ ಬೆಳಕಿಗೆ ಕೆಂಪಗೆ ಕಾಣುತ್ತಿತ್ತು. ಎಂಥ ಮಾತು, ನಿನಗ ಗೊತ್ತೈತಿ! ಇಡೀ ಊರು ಅವನನ್ನು ಬಯಸಿ ನಿಂತಿತ್ತು, ಕೈ ಚಾಚಿದರೆ ಮುಗಿಯಿತು.

"ಚಾಚಾ, ಈ ಸಲ ನನ್ನಿಂದ ಆಗಂಗಿಲ್ರಿ" ಅಂದ. "ಅಕ್ಬರಗ ಕೊಡ್ರಿ." ಅಕ್ಬರ ಅವನ ಚಿಕ್ಕಪ್ಪನ ಮಗ, ಅವನಿಗೂ ಒಂದು ಟಂಟಂ ಇತ್ತು, ಹಿಂದೆ ನಿಂತು ಹಲ್ಲು ಚುಚ್ಚಿಕೊಳ್ಳುತ್ತಿದ್ದವನು ಕಡ್ಡಿ ಬಿಸಾಡಿ ಮುಂದೆ ಬಂದ.

"ಯಾಕೋ? ಮತ್ತ ಗ್ಯಾಸ್ಟ್ರಿಕ್ಕೇನು?"

ಹೌದು ಎಂದರೆ ಸಾಕಿತ್ತು. ಯಾರೋ ಜೀರಿಗೆ ನೀರು ಕುಡಿ ಅನ್ನುತ್ತಿದ್ದರು, ಎರಡು ದಿನ ಬಿಟ್ಟು ಆರಾಮಾಯಿತಲ್ಲ ಬಾ ಎಂದು ಮತ್ತೆ ಬಾಗಿಲಿಗೆ ಬರುತ್ತಿದ್ದರು, ಅವನು ಹೋಗುತ್ತಿದ್ದ. ಹೋಗಿಯೇ ಹೋಗುತ್ತಿದ್ದ, ಅದು ಅವನಿಗೆ ಗೊತ್ತಿತ್ತು. "ಗ್ಯಾಸ್ಟ್ರಿಕ್ ಅಲ್ರಿ. ಮನಸ್ಸಿನ ಕಾಯಿಲೆ. ನಿದ್ದಿ ಕೆಟ್ಟರ ಏರತೈತಿ, ಆಮ್ಯಾಲೆ ಇಳೀತೈತಿ. ಕೊಪ್ಪಳದಾಗ ತೋರಿಸೀನಿ, ಗುಳಿಗಿ ನಡದಾವ."

ಕಟ್ಟೆ ಘೊಳ್ಳೆಂದು ನಕ್ಕಿತು. ಬಾಬಾ ಶುರು ಮಾಡಿದ ನೋಡ್ರಪಾ, ಇನ್ನೂ ದಫ ಕೈಗೆ ಬಂದಿಲ್ಲ ಆಗಲೇ ಚಾಷ್ಟಿ ಎಂದು ಯಾರೋ ಅಂದರು. ಅವನು ನಗದೆ ನಿಂತ. ನಿಂತೇ ಇದ್ದ. ಮುಂದಿನ ಸಾಲಿನ ನಗು ಮೊದಲು ನಿಂತಿತು, ಆಮೇಲೆ ಹಿಂದಿನದು. ಹೋದ ವರ್ಷದ ಒಂದೊಂದೇ ಹಾಡನ್ನು ಜನ ಮನಸ್ಸಿನಲ್ಲಿ ಮಗುಚಿ ನೋಡುತ್ತಿರುವುದು ಅವರ ಮುಖದಲ್ಲಿ ಕಾಣಿಸಿತು. ನಕ್ಕದ್ದಕ್ಕೆ ಅವರಿಗೂ ಈಗ ನಾಚಿಕೆ, ಅದಕ್ಕೆ ಅವನ ಮೇಲೆ ಸಿಟ್ಟು. ಜಿಲಾನಸಾಬ ದಫವನ್ನು ಅಕ್ಬರನ ಕೈಗೆ ಕೊಟ್ಟ. ಆಮೇಲೆ ಬಾಬಾಸಾಬನ ಹೆಗಲಿನ ಮೇಲೆ ಕೈಯಿಟ್ಟು ಬೇವಿನ ಗಿಡದ ಕಡೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಅಂದ: "ನೀ ಭಾಳ ಛಲೋ ಅದೀಯೋ. ಆದರ ಮಕ್ಕಳ ವಿಷಯ. ನಾಳಿಯಿಂದ ಹುಡುಗರು ಅಕ್ಬರನ ಗಾಡ್ಯಾಗ ಹೋಗ್ತಾರ. ತಪ್ಪ ತಿಳಕೋಬ್ಯಾಡ." ಆ ಇಳಿಜಾರು ಅವನ ಕಣ್ಣ ಮುಂದೆ ಬಂತು. ಮುದುಕ ತಪ್ಪು ಕಾರಣಕ್ಕೆ ಸರಿಯಾದ ಮಾತು ಆಡಿದ್ದನೋ, ಸರಿಯಾದ ಕಾರಣಕ್ಕೆ ತಪ್ಪು ಮಾತು ಆಡಿದ್ದನೋ, ತಿಳಿಯಲಿಲ್ಲ. ಹೆಗಲ ಮೇಲಿನ ಕೈ ಮಾತ್ರ ಬೇಗ ತೆಗೆದ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಸರ್ದಾರಬೀ ಗೋಡೆಯ ಖಾಲಿ ಗೂಟದ ಕೆಳಗೆ ಕೂತು ಸೆರಗು ಬಾಯಿಗಿಟ್ಟುಕೊಂಡಿದ್ದಳು. "ನಿಮ್ಮಪ್ಪ ಜ್ವರದಾಗೂ ಓಣಿ ಬಿಡಲಿಲ್ಲ. ನೀ ಮಂದ್ಯಾಗ ನಿಂತು ನಾ ಹುಚ್ಚ ಅಂದು ಬಂದಿ. ನಾ ಹೆಂಗ ಬಾವಿಗೆ ಹೋಗ್ಲೋ ನಾಳೆ?" ಹುಚ್ಚ ಅನ್ನಲಿಲ್ಲವ್ವಾ ಎಂದು ಹೇಳಹೋಗಿ ಬಿಟ್ಟ. ಜರೀನಾ ತಾಟು ತಂದಿಟ್ಟಳು. ರೊಟ್ಟಿ, ಬೇಳೆ ಹಾಕಿದಳು, ಉಂಡ ಮೇಲೆ ಗುಳಿಗೆಯನ್ನೂ ನೀರನ್ನೂ ಕೊಟ್ಟಳು, ಓಣಿಯಲ್ಲಿ ಮಂದಿ ಇನ್ನೂ ಓಡಾಡುತ್ತಿರುವಾಗಲೇ ಹಾಸಿಗೆ ಹಾಸಿದಳು. ಸಣ್ಣ ಮಕ್ಕಳ ಹಾಗೆ ಹೊತ್ತಿಗೆ ಮುಂಚೆ ಮಲಗಿದ. ಇಡೀ ಊರಿಗೆ ಹೇಳಿ ಬಂದಿದ್ದ, ಪಕ್ಕದಲ್ಲಿ ಕೂತು ಅವನ ಅಂಗಿ ಮಡಚುತ್ತಿದ್ದವಳಿಗೆ ಹೇಳಬೇಕಾದದ್ದನ್ನು ಮಾತ್ರ ಇನ್ನೂ ಹೇಳಿರಲಿಲ್ಲ. ಊರಿಗೆ ಹೇಳುವುದು ಸುಲಭ. ಊರು ಅವನ ಹತ್ತಿರ ಮಲಗುವುದಿಲ್ಲ.

"ಜರೀನಾ, ಮೊನ್ನಿಯಿಂದ ನನಗ ನಿದ್ದಿಲ್ಲ. ನಿನ್ನ ಮುಂದ ಸುಳ್ಳ ಹೇಳಾಕತ್ತೀನಿ."

"ಗೊತ್ತೈತ್ರಿ" ಅಂದಳು, ಅಂಗಿಯಿಂದ ಕಣ್ಣೆತ್ತದೆ. "ಹೇಳ್ತೀರೋ ಇಲ್ಲೋ ಅಂತ ಕಾಯಾಕತ್ತಿದ್ದೆ. ಹೇಳದ ದಫ ತಗೊಂಡು ಬಂದಿದ್ರ ನಾ ನಾಳಿ ತವರಿಗೆ ಹೋಗಾಕಿ ಇದ್ದೆ. ಖರೇನ ಹೇಳ್ತೀನಿ." ಅಂಗಿ ಬದಿಗಿಟ್ಟು, "ಮೊದಲನೇ ಬಸ್ಸಿಗೆ ಕೊಪ್ಪಳಕ್ಕ ಹೋಗೂಣು" ಅಂದಳು.

ಹ್ಞೂಂ ಅಂದ.

"ಇನ್ನೊಂದು ಕೇಳ್ಲೇನ್ರಿ? ಹ್ವಾದ ವರ್ಸ ನೀವು ಹಾಡಿದ್ದಕ್ಕ ಕೂಸು ಹೋಗಲಿಲ್ಲ. ನರ್ಸಮ್ಮನೂ ಹೇಳ್ಯಾಳ, ನನಗೂ ಗೊತ್ತೈತಿ. ಅದನ್ನ ಎದಿಯಾಗಿಟಗೊಂಡು ತಿರಗಬ್ಯಾಡ್ರಿ. ನನಗ ಚುಚ್ಚಿದ್ದು ಬ್ಯಾರೆ. ಅವತ್ತ ಖುಷಿ ಪಟ್ಟಾವ್ರು ನೀವೋ, ಆ ಕಾಯಿಲೆಯೋ, ಇವತ್ತಿನ ತನಕ ತಿಳಿದಿಲ್ಲ ನನಗ. ಈ ಸಲ ಕೂಸು ಐತಿ ಅಂತ ಹೇಳಿದ್ರ ಸುಮ್ಮನ ಕುಂತ್ರಿ. ಈಗರ ಖುಷಿ ಐತೇನ್ರಿ ನಿಮಗ?"

ಬಾಬಾಸಾಬ ಒಳಗೆ ಹುಡುಕಿದ. ಹಾಡುಗಳಿದ್ದವು, ಇನ್ನೂ ಗಿರಗಿರ ತಿರುಗುತ್ತಿದ್ದವು. ಅಕ್ಬರನ ಮೇಲೆ ಹೊಟ್ಟೆಕಿಚ್ಚಿತ್ತು. ಜಿಲಾನಸಾಬ ಕೈ ತೆಗೆದ ಜಾಗ ಹೆಗಲ ಮೇಲೆ ಇನ್ನೂ ತಣ್ಣಗಿತ್ತು. ಅವೆಲ್ಲವನ್ನೂ ಸರಿಸಿ ಸರಿಸಿ ನೋಡಿದ. "ಐತಿ" ಅಂದ. "ಭಾಳಿಲ್ಲ. ಹೆದರಿಕಿನ ಜಾಸ್ತಿ ಐತಿ."

"ಹಂಗಾದ್ರ ಅದು ನಿಮ್ದ" ಅಂದಳು ಜರೀನಾ. ದೀಪ ಆರಿಸಿ ಪಕ್ಕದಲ್ಲಿ ಒರಗಿದಳು. "ಮಕ್ಕೋರಿ. ನಿದ್ದಿ ಬರಲಿಲ್ಲಂದ್ರ ನನ್ನ ಎಬ್ಬಸ್ರಿ. ಊರ ಮಂದಿನ್ನೆಲ್ಲಾ ಎಬ್ಬಿಸಿದ್ರಿ, ಹೇಣ್ತಿನ್ನ ಒಂದಿನ ಎಬ್ಬಿಸಲಿಲ್ಲ."

ಮಸೂತಿಯ ಮೈಕಿನಲ್ಲಿ ರಾತ್ರಿಯ ತರಾವೀಹ್ ನಮಾಜು ನಡೆದಿತ್ತು. ಅವನು ಕಣ್ಣು ಮುಚ್ಚಿ ಮಲಗಿದ. ಮಗ್ಗಲು ಬದಲಿಸಿದ. ಮೈಕು ನಿಂತಿತು, ಓಣಿಯಲ್ಲಿ ಚಪ್ಪಲಿಗಳ ಸದ್ದು ಮನೆಮನೆಗೆ ಹರಿದುಹೋಗಿ ಕಡಿಮೆಯಾಯಿತು. ಜರೀನಾ ನಿದ್ದೆ ಹೋಗಿದ್ದಳು, ದಿನವೆಲ್ಲ ದಣಿದವಳು. ಎಬ್ಬಿಸಲು ಮನಸ್ಸು ಬರಲಿಲ್ಲ. ಪಾಪ, ಮಲಗಲಿ, ನಾನೇ ನೋಡಿಕೊಳ್ಳುತ್ತೇನೆ ಅಂದುಕೊಂಡ. ಹೋದ ವರ್ಷವೂ ಹೀಗೇ ಅಂದುಕೊಂಡು ಅವಳನ್ನು ದಾಟಿ ಹೋಗುತ್ತಿದ್ದ. ಕಾಲಿನ ಬೆರಳುಗಳು ಆಡತೊಡಗಿದವು. ಬಾಗಿಲ ಕಡೆ ನೋಡಲಿಲ್ಲ. ಕೈ ಚಾಚಿ ಅವಳ ಭುಜ ಮುಟ್ಟಿ, "ಜರೀನಾ, ಏಳು" ಅಂದ.